ನಾಲ್ಕನೆಯ ದಿಂಬು

ಇಂದು ಬೆಳಿಗ್ಗೆ ಗಾದಿ ಹೊಲಿಯುವ ಇಮಾಮಸಾಬರು ನಮ್ಮ ಅಂಗಳದಲ್ಲಿ ಹಳೆಯ ದಿಂಬುಗಳ ಹೊಟ್ಟೆ ಬಿಚ್ಚಿ ಹತ್ತಿ ಹರವಿದರು. ಬೆವರು, ಕೊಬ್ಬರಿ ಎಣ್ಣೆ, ಬಿಸಿಲು ಕೂಡಿದ ವಾಸನೆ. ನಗಬೇಡಿ, ನಮ್ಮ ಮನೆಯವರಿಗಿಂತ ಈ ದಿಂಬುಗಳಿಗೇ ಹೆಚ್ಚು ತಿಳಿದಿತ್ತು.

ಅಣ್ಣನ ಹೆಂಡತಿ, ನಮ್ಮ ವೈನಿ, ಎರಡನೆಯ ಸಲ ಬಸುರಿಯಾಗಿದ್ದಾಗ ತಲೆಯಡಿಗೆ ಒಂದೊಂದೇ ದಿಂಬು ಹೆಚ್ಚಿಸಿಕೊಳ್ಳುತ್ತ ಹೋದಳು. ಅಣ್ಣನಿಗೆ ಮಿಲ್ಲಿನ ಪಾಳಿ; ಅವಳ ಕೋಣೆಯಲ್ಲಿ ಮಲಗುತ್ತಿದ್ದವಳು ನಾನು. ಮನೆಯ ಯಜಮಾನಿಕೆಯನ್ನು ಯಾರೂ ಕೊಡದೆಯೇ ವಹಿಸಿಕೊಂಡಿದ್ದ ಮಾವಶಿ, ಅಂದರೆ ಅವ್ವನ ತಂಗಿ, ಎಲ್ಲಕ್ಕೂ ಉತ್ತರ ಇಟ್ಟುಕೊಂಡಿದ್ದಳು. ಕಾಲು ಬಾತರೆ ಗಂಡುಕೂಸು. ಏದುಸಿರು ಬಂದರೆ ಮೈಗಳ್ಳತನ.

"ನಾನೂ ನಾಲ್ಕ ಹಡದೀನಿ. ಒಂದ ದಿಂಬಿನ ಮ್ಯಾಲೆ. ಈ ರಾಣಿಗೆ ನಾಲ್ಕ ಬೇಕಂತ, ಸೊಕ್ಕು!"

ಹಡೆದದ್ದನ್ನೇ ಡಿಗ್ರಿಯೆಂದು ತಿಳಿದವರೊಡನೆ ವಾದ ವ್ಯರ್ಥ. ಕಾಲೇಜಿನ ನಿಜವಾದ ಡಿಗ್ರಿಯಿದ್ದ ನಾನೋ, ಬಾಯೇ ಬಿಡಲಿಲ್ಲ. ಇನ್ನೊಬ್ಬರ ಹಾಸಿಗೆಯ ಮಾತು ನನಗೇಕೆ ಎಂಬ ಹೇಡಿತನಕ್ಕೆ ಸಭ್ಯತೆ ಎಂದು ಹೆಸರಿಟ್ಟುಕೊಂಡಿದ್ದೆ.

ಒಂದು ಮಧ್ಯಾಹ್ನ ವೈನಿಯ ತುಟಿ ನೀಲಿಯಾಯಿತು. ಗಾಡಿಯಲ್ಲಿ ಹಳಿಯಾಳ ದಾಟಿ ಧಾರವಾಡದ ಆಸ್ಪತ್ರೆ ಮುಟ್ಟುವವರೆಗೂ ಮಾವಶಿ "ಕಾಲ ಚಾಚಿ ಮಲಕ್ಕೋ" ಎಂದು ಅವಳ ಭುಜ ಒತ್ತುತ್ತಲೇ ಇದ್ದಳು. ವೈನಿ ನೀರಲ್ಲಿ ಮುಳುಗುವವಳಂತೆ ಎದ್ದೆದ್ದು ಕೂರುತ್ತಿದ್ದಳು.

ಕೂಡಲೇ ಸಿಜೇರಿಯನ್ ಆಗಬೇಕೆಂದರು. ಅರಿವಳಿಕೆ ಕೊಡುವ ಡಾಕ್ಟರು, ಸಣ್ಣ ದನಿಯ ಹೆಂಗಸು, ಮೊದಲು ಕೇಳಿದ್ದು ಇದು: "ಮನ್ಯಾಗ ಎಷ್ಟ ದಿಂಬಿನ ಮ್ಯಾಲೆ ಮಲಗತಾರ್ರೀ?"

"ಒಂದs ರೀ," ಎಂದಳು ಮಾವಶಿ. ಮನೆತನದ ಮರ್ಯಾದೆ ನೋಡಿ!

"ನಾಲ್ಕು," ಎಂದೆ. ನನ್ನ ದನಿ ನನಗೇ ಅಪರಿಚಿತವೆನಿಸಿತು. "ಎಂಟ ದಿನದಿಂದ ಕೂತs ನಿದ್ದಿ ಮಾಡತಾಳ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿ, ಹೃದಯದ ಸ್ಕ್ಯಾನಿನ ಯಂತ್ರವನ್ನು ಮಂಚದ ಬಳಿಗೇ ತರಿಸಿದರು. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿತ್ತು; ಅಂಗಾತ ಮಲಗಿದರೆ ಉಸಿರು ಕಟ್ಟುತ್ತಿದ್ದುದರಿಂದಲೇ ದಿಂಬುಗಳು ಏರುತ್ತ ಹೋಗಿದ್ದವು. ಅಂಗಾತ ಮಲಗಿಸಿ ಬೆನ್ನಿಗೆ ಒಮ್ಮೆಲೇ ಮದ್ದು ಕೊಟ್ಟಿದ್ದರೆ ರಕ್ತದೊತ್ತಡ ಕುಸಿದು ತಾಯಿ ಉಳಿಯುವುದು ಕಷ್ಟವಿತ್ತು ಎಂದರು. ತಲೆ ಎತ್ತರಿಸಿ, ಬೆನ್ನಲ್ಲಿ ಸಣ್ಣ ನಳಿಕೆ ಇಟ್ಟು, ಸ್ವಲ್ಪ ಸ್ವಲ್ಪವೇ ಮದ್ದು ಬಿಡುವುದೆಂದು ನಿರ್ಧರಿಸಿದರು.

ಮಾವಶಿಗೆ ಇನ್ನೂ ಸಮಾಧಾನವಿಲ್ಲ. "ಮೊದಲ ಸಲೈನ್ ಬಾಟ್ಲಿ ಜೋರ ಬಿಡ್ರಿ, ಶಕ್ತಿ ಬರ್ಲಿ."

"ಇದ್ದ ನೀರs ಅಕಿ ಎದಿಗೆ ಎತ್ತಾಕ ಆಗವಲ್ದು. ನೀವು ಮತ್ತೊಂದ ಬಾವಿ ತಂದ ಸುರೀತೀರೇನು?" ಎಂದ ಡಾಕ್ಟರು ನನ್ನತ್ತ ತಿರುಗಿದರು. "ನೀವು ಮೊದಲs ಯಾಕ ಹೇಳಲಿಲ್ಲ?"



ತಾಯಿ, ಕೂಸು ಇಬ್ಬರೂ ಉಳಿದರು. ಹೆಣ್ಣುಕೂಸು. ಓಣಿಯಲ್ಲಿ ಮಾವಶಿ ಹೇಳುವ ಕಥೆಯಲ್ಲಿ ರೋಗವನ್ನು ಮೊದಲು ಗುರುತಿಸಿದ್ದು ಅವಳೇ.

"ಹಿರೇ ಬಾಯಾರ ಹಾಸಿಗಿಯಿಂದ ಎಷ್ಟ ದಿಂಬು ತರ್ಲಿ?" ಎಂದು ಇಂದು ಅಂಗಳದಿಂದ ಕೇಳಿದರು ಇಮಾಮಸಾಬರು, ಮಾವಶಿಯ ಕೋಣೆಯತ್ತ ನೋಡಿ.

"ಒಂದs," ಎಂದಳು ಮಾವಶಿ.

ನಾನು ಒಳಗೆ ಹೋಗಿ ನೋಡಿದೆ. ಮೂರಿದ್ದವು. ಮೂರನ್ನೂ ತಂದು ಅವಳ ಮುಂದಿಟ್ಟು ಕುರ್ಚಿ ಎಳೆದುಕೊಂಡು ಕೂತೆ.

"ಯಾವಾಗಿಂದ, ಮಾವಶಿ?"