ಗೇಟಿನ ಚಿಲಕ ಹಿಡಿದ ಕೈ

ಎಡಪ್ಪಳ್ಳಿಯ ದೊಡ್ಡ ಮಾಲ್ ದಾಟಿ ಒಳರಸ್ತೆಗೆ ಹೊರಳಿದರೆ ನನ್ನ ಮಗಳು ಹೋಗುತ್ತಿದ್ದ ಸ್ಕೇಟಿಂಗ್ ಕ್ಲಬ್ಬು. ಅದರ ಕಾಂಪೌಂಡಿನ ಮೇಲೆ ಒಂದು ಫ್ಲೆಕ್ಸ್ ಇದೆ. ನರೆತ ಗಡ್ಡದ, ಮೂಗು ಕೊಂಚ ಸೊಟ್ಟಗಿರುವ ಬಿಳಿಯರೊಬ್ಬರ ಚಿತ್ರ, ಕೆಳಗೆ 'ಐಸ್ ಹಾಕಿ ವಿಶ್ವ ಚಾಂಪಿಯನ್ ಅವರಿಂದ ತರಬೇತಿ' ಎಂದು ಮಲಯಾಳದಲ್ಲೂ ಇಂಗ್ಲಿಷಿನಲ್ಲೂ ಬರೆದಿದೆ. ಆ ಮನುಷ್ಯ ಎಂದೂ ವಿಶ್ವ ಚಾಂಪಿಯನ್ ಆಗಿರಲಿಲ್ಲ. ಈಗ ಅಲ್ಲಿ ತರಬೇತಿಯನ್ನೂ ಕೊಡುತ್ತಿಲ್ಲ. ಅವರನ್ನು ಹೊರಗೆ ಹಾಕಿದವರೇ ಅವರ ಮುಖ ತೋರಿಸಿ ಇವತ್ತಿಗೂ ಹೊಸ ಮಕ್ಕಳನ್ನು ಸೇರಿಸಿಕೊಳ್ಳುತ್ತಿದ್ದಾರೆ. ಆಫೀಸಿಗೆ ಹೋಗಲು ನನಗೆ ಅದೇ ದಾರಿ. ದಿನಾ ನೋಡುತ್ತೇನೆ, ದಿನಾ ಮೈ ಉರಿಯುತ್ತದೆ.

ನಾವು ಧಾರವಾಡದ ಕಡೆಯವರು. ನನಗೂ ಗಂಡನಿಗೂ ಕೊಚ್ಚಿಯ ಐಟಿ ಪಾರ್ಕಿನಲ್ಲಿ ಕೆಲಸ. ಮಗಳು ಇಲ್ಲೇ ಹುಟ್ಟಿ ಬೆಳೆದವಳು, ನಾನು ಕನ್ನಡದಲ್ಲಿ ಬೈದರೆ ಮಲಯಾಳದಲ್ಲಿ ಎದುರುತ್ತರ ಕೊಡುತ್ತಾಳೆ. ಡಾನ್ಸ್ ಬೇಡ, ಸಂಗೀತ ಬೇಡ ಎಂದು ಹಟ ಹಿಡಿದು ಅವಳು ಆರಿಸಿಕೊಂಡದ್ದು ರೋಲರ್ ಹಾಕಿ. ಗಾಲಿಯ ಬೂಟು ತೊಟ್ಟು ಸಿಮೆಂಟಿನ ಅಂಕಣದ ಮೇಲೆ ಕೋಲಿನಿಂದ ಚೆಂಡು ಬಾರಿಸುತ್ತ ಓಡುವ ಆಟ. ಗೋಲ್‌ಕೀಪರ್ ಬಿಟ್ಟು ನಾಲ್ವರು ಒಳಗಿರುತ್ತಾರೆ, ಮಿಕ್ಕವರು ಹೊರಗೆ ಬೆಂಚಿನ ಮೇಲೆ. ಅಂಕಣದ ಸುತ್ತ ಎದೆಮಟ್ಟದ ಹಲಗೆಯ ಗೋಡೆ, ಬೆಂಚಿನ ಎದುರಿಗೆ ಒಂದು ಪುಟ್ಟ ಗೇಟು. ಆ ಗೇಟಿನ ಸುತ್ತಲೇ ಈ ಜಗಳವೆಲ್ಲ ನಡೆದದ್ದು.

ಕೋಚ್ ಜೆಕ್ ದೇಶದವರು. ಮಟ್ಟಾಂಚೇರಿಯಲ್ಲಿ ಹೆಂಡತಿಯ ತವರುಮನೆಯಲ್ಲಿದ್ದರು. ಶನಿವಾರ ತರಬೇತಿ ಮುಗಿದ ಮೇಲೆ ನಾನು ಅವರನ್ನು ಬೋಟ್ ಜೆಟ್ಟಿಯವರೆಗೆ ಕಾರಿನಲ್ಲಿ ಬಿಡುತ್ತಿದ್ದೆ. ನನಗಿಂತ ಎಷ್ಟೋ ದೊಡ್ಡವರಾದರೂ ನನ್ನನ್ನು 'ಚೇಚಿ' ಎನ್ನುತ್ತಿದ್ದರು. ಊರಿನ ಹೆಂಗಸರನ್ನೆಲ್ಲ ಅಕ್ಕ ಎಂದು ಕರೆದರೆ ತಪ್ಪಾಗುವುದಿಲ್ಲ ಎಂದು ಹೆಂಡತಿ ಹೇಳಿಕೊಟ್ಟಿದ್ದಳಂತೆ. ಟ್ರಾಫಿಕ್ಕಿನಲ್ಲಿ ನಿಂತು ನಿಂತು ಅವರ ಜೀವನದ ಕಥೆಯೆಲ್ಲ ನನಗೆ ಕಂತು ಕಂತಾಗಿ ಗೊತ್ತಾಯಿತು.

ಹುಟ್ಟಿದ್ದು ಕಲ್ಲಿದ್ದಲು ಗಣಿಗಳ ಊರಿನಲ್ಲಿ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ಆಟ ಕಲಿತು, ಮೀಸೆ ಮೂಡುವ ವಯಸ್ಸಿಗೇ ಸಂಬಳಕ್ಕೆ ಆಡತೊಡಗಿದರು. ಐಸ್ ಹಾಕಿ ತಂಡದಲ್ಲಿ ಆಟಗಾರರು ನಾಲ್ಕು ಸರದಿಯಾಗಿ ಇರುತ್ತಾರಂತೆ. ಒಂದು ಸರದಿಯವರು ನಿಮಿಷಕ್ಕೂ ಕಡಿಮೆ ಹೊತ್ತು ಜೀವ ಒತ್ತೆಯಿಟ್ಟು ಓಡಿ ಹೊರಗೆ ಬರಬೇಕು, ಮುಂದಿನವರು ಒಳಗೆ ಜಿಗಿಯಬೇಕು. ಆಟ ನಿಲ್ಲುವುದಿಲ್ಲ. ಮೊದಲ ಸರದಿಯಲ್ಲಿ ಗೋಲು ಹೊಡೆಯುವ ಹೀರೋಗಳು. ನಮ್ಮ ಕೋಚ್ ಆಡಿದಷ್ಟು ವರ್ಷವೂ ನಾಲ್ಕನೆಯ ಸರದಿ. "ಹೀರೋಗಳು ಉಸಿರು ಎಳೆದುಕೊಳ್ಳುವ ಹೊತ್ತಿನಲ್ಲಿ ಗೋಲು ಬೀಳದಂತೆ ನೋಡಿಕೊಳ್ಳುವುದು ನನ್ನ ಕೆಲಸ" ಎಂದಿದ್ದರು. ದೊಡ್ಡ ತಂಡ ಅವರನ್ನು ಕೈಬಿಟ್ಟಿತು, ಆಮೇಲೆ ಸಣ್ಣ ತಂಡವೂ ಕೈಬಿಟ್ಟಿತು. ಕೊನೆಗೆ ಜರ್ಮನಿಯ ಒಂದು ಚಿಕ್ಕ ಊರಿನ ಲೀಗಿನಲ್ಲಿ ಮಂಡಿ ಹೋಯಿತು. ಅಲ್ಲಿನ ಆಸ್ಪತ್ರೆಯಲ್ಲಿ, ಎದ್ದು ನಡಿ ಎಂದು ಗದರಿಸುತ್ತಿದ್ದ ಮಟ್ಟಾಂಚೇರಿಯ ನರ್ಸನ್ನೇ ಮದುವೆಯಾದರು. ಆಟ ಮುಗಿದ ಮೇಲೆ ಮಕ್ಕಳಿಗೆ ಕಲಿಸಿದರು, ದೊಡ್ಡವರ ತಂಡಕ್ಕೆ ಸಹಾಯಕ ಕೋಚ್ ಆದರು. ತಂಡ ಸೋತಾಗಲೆಲ್ಲ ಮೊದಲು ತಲೆ ಹೋಗುವುದು ಸಹಾಯಕನದೇ ಅಂತೆ. ಅತ್ತೆಗೆ ಪಾರ್ಶ್ವವಾಯು ಹೊಡೆದಾಗ ಗಂಡಹೆಂಡಿರು ಇಲ್ಲಿಗೆ ಬಂದರು.

"ಮತ್ತೆ ಆ ಫ್ಲೆಕ್ಸ್?" ಎಂದು ಒಮ್ಮೆ ಕೇಳಿದೆ.

"ತೆಗೆಯಿರಿ ಅಂತ ಎಷ್ಟು ಸಲ ಹೇಳಲಿ ಚೇಚಿ? ನಾಲ್ಕನೇ ಸರದಿಯವನು ಅಂತ ಬರೆಸಿದರೆ ಯಾರು ಬರ್ತಾರೆ ಸಾರ್ ಅಂತ ಕ್ಲಬ್ಬಿನ ಸೆಕ್ರೆಟರಿ ನಗ್ತಾರೆ."

ನನಗೆ ಸಿಟ್ಟು ಬರುವುದು ಇಲ್ಲಿಯೇ. ಆ ಮನುಷ್ಯನಿಗೆ ಕಲಿಸಲು ಬರುತ್ತಿದ್ದುದೇ ನಾಲ್ಕನೆಯ ಸರದಿಯಲ್ಲಿ ಕೂತು ಕಲಿತ ವಿದ್ಯೆ. ನಮ್ಮವರಿಗೆ ಬೇಕಾಗಿದ್ದುದು ಅವರ ಬಣ್ಣ ಮತ್ತು ಅವರು ಗೆಲ್ಲದ ಒಂದು ಟ್ರೋಫಿ.

ಅವರು ನಮ್ಮ ಹುಡುಗಿಯರಿಗೂ ಸರದಿ ಕಟ್ಟಿದರು. ಒಳಗಿರುವಷ್ಟು ಹೊತ್ತು ಪೂರಾ ಓಡು, ಕಾಲು ಸೋಲುವ ಮೊದಲೇ ಹೊರಗೆ ಬಾ, ಬರುವಾಗ ಗೇಟನ್ನು ಮುಂದಿನವಳಿಗೆ ಹಿಡಿದುಕೊಂಡಿರು. "ಮಾರಿಕ್ಕೋ!" ಎಂದು ಕೂಗುತ್ತಿದ್ದರು. ಮಲಯಾಳದಲ್ಲಿ ಪಕ್ಕಕ್ಕೆ ಸರಿ, ಜಾಗ ಬಿಡು ಎಂದರ್ಥ. ಕ್ರಿಕೆಟ್ ನೋಡಿಕೊಂಡು ಬೆಳೆದ ನಮಗೆ ಇದು ತಲೆಗೆ ಹೋಗಲೇ ಇಲ್ಲ. ಹೊರಗೆ ಬಂದರೆ ಔಟ್ ಆದಂತೆ, ಔಟ್ ಆದರೆ ಮಾನ ಹೋದಂತೆ. ಊರಿಂದ ಬಂದಿದ್ದ ನಮ್ಮ ಅತ್ತೆ ಮೊದಲ ದಿನವೇ ಎದ್ದು ನಿಂತರು.

"ಅಲ್ಲವ್ವಾ, ಕೂಸು ಏನ್ ತಪ್ಪ ಮಾಡ್ತು? ಯಾಕ ಹೊರಗ ಹಾಕಿದ್ರು ಅದನ್ನ?"

"ತಪ್ಪ ಏನಿಲ್ಲ ಅತ್ತಿ, ಆಟನ ಹಂಗ ಐತಿ."

"ಇದೆಂಥಾ ಆಟವ್ವಾ, ಚಂದ ಆಡೂ ಹುಡುಗಿನ್ನ ಎಬ್ಬಿಸೂದು!"

ಗ್ಯಾಲರಿಯ ಮಿಕ್ಕ ತಂದೆತಾಯಿಗಳೂ ಇದನ್ನೇ ಮಲಯಾಳದಲ್ಲಿ ಗೊಣಗುತ್ತಿದ್ದರು. ಮಕ್ಕಳು ಮಾತ್ರ ಬೇಗ ಕಲಿತರು. ನನ್ನ ಮಗಳ ಜಾಗಕ್ಕೆ ಬರುತ್ತಿದ್ದವಳು ಕನ್ನಡಕಕ್ಕೆ ಎಲಾಸ್ಟಿಕ್ ಕಟ್ಟಿಕೊಂಡ ಒಂದು ಸಣಕಲು ಹುಡುಗಿ. ಓಟ ನಿಧಾನ, ಗೋಲು ಹೊಡೆದವಳೇ ಅಲ್ಲ, ಆದರೆ ತನ್ನನ್ನು ದಾಟಿ ಚೆಂಡು ಹೋಗಲು ಬಿಡುತ್ತಿರಲಿಲ್ಲ. ಗೇಟಿನಲ್ಲಿ ಇಬ್ಬರೂ ಅಂಗೈಗೆ ಅಂಗೈ ಬಡಿದು ಜಾಗ ಬದಲಾಯಿಸುವುದನ್ನು ನೋಡುವುದೇ ನನಗೊಂದು ಖುಷಿಯಾಗಿತ್ತು. ಜಿಲ್ಲಾ ಪಂದ್ಯಗಳನ್ನೆಲ್ಲ ಗೆದ್ದು ತಂಡ ರಾಜ್ಯ ಮಟ್ಟಕ್ಕೆ ಹೋಯಿತು.

ಅಲ್ಲಿಂದ ಶುರುವಾಯಿತು. ರಾಜ್ಯ ಮಟ್ಟದಲ್ಲಿ ಗೆದ್ದರೆ ಪರೀಕ್ಷೆಯಲ್ಲಿ ಗ್ರೇಸ್ ಮಾರ್ಕ್ ಸಿಗುತ್ತದೆಂಬ ಆಸೆ ಎಲ್ಲರಿಗೂ. ಸೆಕ್ರೆಟರಿ ತಂದೆತಾಯಿಗಳ ಸಭೆ ಕರೆದರು. ಟೈಲ್ಸ್ ಅಂಗಡಿಯ ಮಾಲೀಕರು, ಮೆತ್ತಗಿನ ಮಾತು, ಪ್ರತಿ ವಾಕ್ಯಕ್ಕೂ ನಗು. ರಾಜ್ಯ ಪಂದ್ಯದಲ್ಲಿ ಚೆನ್ನಾಗಿ ಆಡುವ ನಾಲ್ವರೇ ಕೊನೆಯವರೆಗೂ ಒಳಗಿರಲಿ, ಈ ಸರದಿ ಗಿರದಿ ಬೇಡ ಎಂದರು. ಸಾಯಿಪ್ಪಿಗೆ, ಅಂದರೆ ನಮ್ಮ ಬಿಳಿಯ ಕೋಚಿಗೆ, ಇಲ್ಲಿನ ಪದ್ಧತಿ ಗೊತ್ತಿಲ್ಲವಂತೆ.

ಕೋಚ್ ಎದ್ದು ನಿಂತು, "ನಾಲ್ವರೇ ಆಡುವುದಾದರೆ ನಾಲ್ವರನ್ನೇ ಕರೆದುಕೊಂಡು ಹೋಗಿ. ಉಳಿದ ಮಕ್ಕಳನ್ನು ಯಾಕೆ ಬಸ್ಸು ಹತ್ತಿಸುತ್ತೀರಿ?" ಎಂದರು.

ನಾನೂ ಎದ್ದೆ. "ಇಷ್ಟು ದಿನ ಗೆದ್ದಿದ್ದು ಈ ಸರದಿಯಿಂದಲೇ ಅಲ್ಲವಾ?" ಎಂದೆ. ಆಗ ಸೆಕ್ರೆಟರಿ ನನ್ನತ್ತ ಬಾಗಿ, ಗುಟ್ಟು ಹೇಳುವ ದನಿಯಲ್ಲಿ, "ಚೇಚೀ, ಆ ನಾಲ್ವರಲ್ಲಿ ನಿಮ್ಮ ಮೋಳೂ ಇದ್ದಾಳೆ. ಲಾಭ ನಿಮಗೇ" ಎಂದರು. ನನ್ನ ಮಗಳ ಹೆಸರು ಹೇಳಿದರೆ ಬಾಲ ಮುದುರಿಕೊಂಡು ಕೂರುತ್ತೇನೆ ಎಂದುಕೊಂಡಿದ್ದರಲ್ಲ, ಅದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ. ಕನ್ನಡಕದ ಹುಡುಗಿಯ ಅಮ್ಮ ಎದುರಿಗೇ ಕೂತಿದ್ದಳು. ನಾಚಿಕೆಯಾಗಬೇಕು ನಿಮಗೆ ಎಂದು ಗಟ್ಟಿಯಾಗಿಯೇ ಹೇಳಿದೆ. ಚಹಾ ಬಂತು, ಎಲ್ಲರೂ ಕುಡಿದು ಎದ್ದರು.

ತಿರುವನಂತಪುರದಲ್ಲಿ ನಾವು ಇಳಿದುಕೊಂಡದ್ದು ಶ್ರೀಕಾರ್ಯಂ ಹತ್ತಿರದ ಒಂದು ಲಾಡ್ಜಿನಲ್ಲಿ. ಸೆಮಿಫೈನಲ್‌ವರೆಗೆ ಎಲ್ಲ ಸುಸೂತ್ರವಾಗಿತ್ತು, ಸರದಿಯಲ್ಲೇ ಆಡಿದರು, ಸರದಿಯಲ್ಲೇ ಗೆದ್ದರು. ಫೈನಲ್ ದಿನ ಬೆಳಿಗ್ಗೆ ಕೋಚಿಗೆ ಸನ್ಮಾನ ಎಂದರು. ಅಂಕಣದ ನಡುವೆ ನಿಲ್ಲಿಸಿ, ಜರಿಯಂಚಿನ ಪೊನ್ನಾಡ ಶಾಲು ಹೊದಿಸಿ, ಫೋಟೋ ತೆಗೆದು, ಗ್ಯಾಲರಿಯ ಮುಂದಿನ ಸಾಲಿನ ಕುರ್ಚಿಗೆ ಕರೆತಂದು ಕೂರಿಸಿದರು. "ನೀವು ಇವತ್ತು ಗೆಸ್ಟು ಸಾರ್, ಆರಾಮಾಗಿ ಕೂತು ನೋಡಿ" ಎಂದು ಅವರ ಕೊರಳಲ್ಲಿದ್ದ ಪಾಸನ್ನು ಸೆಕ್ರೆಟರಿ ತಮ್ಮ ಕೈಯಾರೆ ತೆಗೆದು ತಾವೇ ಹಾಕಿಕೊಂಡರು. ಆ ಪಾಸು ಇಲ್ಲದವರು ಬೆಂಚಿನ ಹತ್ತಿರ ಹೋಗುವಂತಿಲ್ಲ. ಬೈದು ಕಳಿಸಿದ್ದರೆ ತಿರುಗಿ ಬೈಯಬಹುದಿತ್ತು. ಶಾಲು ಹೊದಿಸಿ ಕೆಲಸ ಕಿತ್ತುಕೊಂಡವರಿಗೆ ಏನೆನ್ನಬೇಕು?

"ಜಗಳ ಮಾಡಿ ಸಾರ್, ಸುಮ್ಮನೆ ಯಾಕೆ ಕೂತಿರಿ!" ಎಂದು ನಾನು ಪಕ್ಕದಿಂದ ಕೂಗಾಡಿದೆ.

"ಕೋಚನ್ನು ತೆಗೆಯೋದು ಈ ಕೆಲಸದಲ್ಲಿ ಮಾಮೂಲು ಚೇಚಿ" ಎಂದರು. ನನಗೆ ಅವರ ಮೇಲೂ ಕೋಪ ಬಂತು. ಅಷ್ಟು ಸಲ ತೆಗೆಸಿಕೊಂಡು ಅದು ಅವರಿಗೆ ಮಳೆ ಬಿಸಿಲಿನಂತೆ ಅಭ್ಯಾಸವಾಗಿಹೋಗಿತ್ತು.

ಆಟ ಶುರುವಾಯಿತು. ನಿಮಿಷ ಕಳೆಯುವ ಮೊದಲೇ ನನ್ನ ಮಗಳು ರೂಢಿಯಂತೆ ಗೇಟಿಗೆ ಬಂದಳು, ಕನ್ನಡಕದ ಹುಡುಗಿ ಒಳಗೆ ಹೋದಳು. ಸೆಕ್ರೆಟರಿ ಎದ್ದು, ಯಾರು ಹೇಳಿದ್ದು ನಿನಗೆ ಹೊರಗೆ ಬಾ ಅಂತ ಎಂದು ಅರಚಿ ಇಬ್ಬರನ್ನೂ ತಿರುಗಿ ಬದಲಾಯಿಸಿದರು. ಅಲ್ಲಿಂದ ಅವಳು ಓಡಿದಳು, ಓಡಿದಳು. ತಗಡಿನ ಚಾವಣಿಯ ಕೆಳಗೆ ಒಲೆಯ ಮುಂದೆ ಕೂತಂಥ ಸೆಕೆ. ವಿರಾಮದವರೆಗೆ ಹೇಗೋ ಎಳೆದಳು. ಆಮೇಲೆ ಕಾಲು ತೊಡರತೊಡಗಿತು. ಒಮ್ಮೆ ಬಿದ್ದೆದ್ದು ನೇರ ಗೇಟಿಗೆ ಬಂದು ದೂಡಿದಳು. ಗೇಟು ತೆರೆಯಲಿಲ್ಲ. ಬೆಂಚಿನ ಕಡೆಯಿಂದ ಸೆಕ್ರೆಟರಿ ಚಿಲಕವನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. "ಮೋಳೇ, ಇನ್ನು ಸ್ವಲ್ಪ, ಇನ್ನು ಸ್ವಲ್ಪವೇ" ಎನ್ನುತ್ತ ಆಗಲೂ ನಗುತ್ತಿದ್ದರು. ಅವರ ಪಕ್ಕದಲ್ಲೇ ಕನ್ನಡಕದ ಹುಡುಗಿ ಹೆಲ್ಮೆಟ್ ಹಾಕಿಕೊಂಡು, ಕೋಲು ಹಿಡಿದು, ಒಳಗೆ ಹೋಗಲು ತಯಾರಾಗಿ ನಿಂತಿದ್ದಳು.

ನಾನು ಮೆಟ್ಟಿಲಿಳಿಯುವಷ್ಟರಲ್ಲಿ ಕೋಚ್ ಆಗಲೇ ಕೆಳಗಿದ್ದರು. ಮಂಡಿ ಮಡಚಲು ಬಾರದ ಆ ಮನುಷ್ಯ ಹೇಗೆ ಇಳಿದರೋ, ಶಾಲು ಎಲ್ಲಿ ಬಿತ್ತೋ ನಾನು ಕಾಣೆ. ತಮ್ಮ ಕೆಲಸ ಹೋದಾಗ ಮಾಮೂಲು ಎಂದವರ ಮುಖ ಕೆಂಡವಾಗಿತ್ತು.

"ತೆಗೆಯಿರಿ" ಎಂದರು.

"ಸಾರ್, ಪ್ಲೀಸ್, ಜನ ನೋಡ್ತಿದ್ದಾರೆ."

ಕೋಚ್ ಸೆಕ್ರೆಟರಿಯ ಬೆರಳುಗಳನ್ನು ಚಿಲಕದಿಂದ ಬಿಡಿಸಿದರು. ಅಷ್ಟರಲ್ಲಿ ಎದುರಾಳಿಗಳು ಗೋಲು ಹೊಡೆದಾಗಿತ್ತು. ರೆಫರಿ ಸೀಟಿ ಊದಿ, ಪಾಸಿಲ್ಲದವರು ಯಾಕೆ ಬಂದಿರಿ ಎಂದು ಕೋಚನ್ನು ಕ್ರೀಡಾಂಗಣದಿಂದಲೇ ಹೊರಗೆ ಕಳಿಸಿದರು. ಆ ಒಂದು ಗೋಲಿನಿಂದ ಸೋತೆವು.

ಕೊಚ್ಚಿಗೆ ವಾಪಸು ಬರುವ ಬಸ್ಸಿನಲ್ಲಿ ತೀರ್ಪು ತಯಾರಾಗಿತ್ತು. ಸಾಯಿಪ್ಪು ಆವೇಶದಿಂದ ನುಗ್ಗಿ ಮಕ್ಕಳ ಮನಸ್ಸು ಕೆಡಿಸಿದ, ಅದಕ್ಕೇ ಸೋತದ್ದು. ಚಿಲಕದ ಮಾತನ್ನು ಒಬ್ಬರೂ ಎತ್ತಲಿಲ್ಲ. ನಾನು ಎತ್ತಿದೆ, ಕಿವಿಗೆ ಇಯರ್‌ಫೋನ್ ಹಾಕಿಕೊಂಡರು. ಹಿಂದಿನ ಸೀಟಿನಲ್ಲಿ ಕೋಚ್ ನನ್ನ ಮಗಳ ಪಾದಕ್ಕೆ ಐಸ್ ಚೀಲ ಒತ್ತಿ ಹಿಡಿದುಕೊಂಡು ಕೂತಿದ್ದರು. ಮರುದಿನದಿಂದ ಅವರನ್ನು ಕ್ಲಬ್ಬಿಗೆ ಕರೆಯಲಿಲ್ಲ.

ಸುಮಾರು ದಿನಗಳಾದ ಮೇಲೆ ಸೆಕ್ರೆಟರಿ ಫೋನ್ ಮಾಡಿದರು. ಹೊರ ರಾಜ್ಯದ ಟೂರ್ನಮೆಂಟು ಬಂದಿದೆ, ನಿಮ್ಮ ಮೋಳಿಲ್ಲದೆ ತಂಡವಿಲ್ಲ, ಮಗು ಫೈನಲ್ ನಡುವೆ ಆಟ ಬಿಟ್ಟು ಗೇಟಿಗೆ ಬಂದದ್ದನ್ನು ನಾವು ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ ಎಂದು ದೊಡ್ಡತನ ತೋರಿಸಿದರು. ನನಗೆ ಬರುವ ಭಾಷೆಗಳಲ್ಲೆಲ್ಲ ಬಾಯಿಗೆ ಬಂದದ್ದು ಹೇಳಿದೆ. ಅವರು ಸಾವಧಾನವಾಗಿ ಕೇಳಿಸಿಕೊಂಡು, ಸ್ವಲ್ಪ ಮೋಳಿಗೆ ಫೋನ್ ಕೊಡಿ ಎಂದರು. ಊಟಕ್ಕೆ ಕೂತಿದ್ದ ಮಗಳು ಎಡಗೈ ಚಾಚಿ ಫೋನ್ ತೆಗೆದುಕೊಂಡಳು. ಸ್ಪೀಕರ್ ಆನ್ ಇತ್ತು.

"ನನ್ನ ಜಾಗಕ್ಕೆ ಬರೋದು ಯಾರು ಅಂಕಲ್?" ಎಂದು ಮಲಯಾಳದಲ್ಲಿ ಕೇಳಿದಳು.

"ಯಾರೂ ಇಲ್ಲ ಮೋಳೇ! ಇನ್ನು ಮೇಲೆ ನಿನ್ನ ಜಾಗಕ್ಕೆ ಯಾರೂ ಬರೋದಿಲ್ಲ" ಎಂದು ಅವರು ಉತ್ಸಾಹದಿಂದ ಹೇಳಿದರು.

"ಹಾಗಾದರೆ ನಾನೂ ಬರೋದಿಲ್ಲ" ಎಂದು ಅವಳು ಫೋನ್ ಕೆಳಗಿಟ್ಟು ಊಟ ಮುಂದುವರಿಸಿದಳು.