ಪರೀಕ್ಷೆಯ ದಿನದ ಮಳೆ ಲಿಲ್ಲಿ

ಕಾಲೇಜಿನ ಸಸ್ಯಶಾಸ್ತ್ರದ ಲ್ಯಾಬಿನಲ್ಲಿ ಇಪ್ಪತ್ತೇಳು ವರ್ಷ ಅಟೆಂಡರ್ ಆಗಿದ್ದ ಹೆಂಗಸನ್ನು ಎಲ್ಲರೂ ಗೆಡ್ಡೆಯಮ್ಮ ಎನ್ನುತ್ತಿದ್ದರು. ಎದುರಿಗೇ ಎನ್ನುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ಅವಳಿಗೆ ಗೊತ್ತಿದ್ದ ವಿದ್ಯೆ ಒಂದೇ, ಹೇಳಿದ ದಿನಕ್ಕೆ ಮಳೆ ಲಿಲ್ಲಿ ಅರಳಿಸುವುದು.

ಸಣ್ಣ ಈರುಳ್ಳಿಯಂಥ ಗೆಡ್ಡೆ, ಹುಲ್ಲಿನಂಥ ಎಲೆ, ದಂಟಿಗೊಂದೇ ಗುಲಾಬಿ ಬಣ್ಣದ ಹೂವು. ಒಣಗಿ ಸೊರಗಿದ ಮೇಲೆ ಜೋರು ಮಳೆ ಬಿದ್ದರೆ ನಾಲ್ಕೈದು ದಿನಕ್ಕೆ ಅರಳುವ ಜಾತಿ. ಗೆಡ್ಡೆಯಮ್ಮ ಆರು ವಾರ ಕುಂಡಗಳನ್ನು ಉಪವಾಸ ಕೆಡವಿ, ಪ್ರಾಕ್ಟಿಕಲ್ ಪರೀಕ್ಷೆಗೆ ಐದು ದಿನ ಇರುವಾಗ ಬಕೆಟ್ಟುಗಟ್ಟಲೆ ನೀರು ಸುರಿಯುತ್ತಿದ್ದಳು. ಒಂದು ವರ್ಷವೂ ತಪ್ಪಿರಲಿಲ್ಲ.

ನಿವೃತ್ತಿಯ ವರ್ಷ ಲ್ಯಾಬಿಗೆ ಬಣ್ಣ ಬಳಿಯುತ್ತಿದ್ದರಿಂದ ಕುಂಡಗಳನ್ನು ಮನೆಗೆ ತಂದಿಟ್ಟಳು. ಈ ಸಲವೂ ಅರಳಿಬಿಟ್ಟರೆ ತಲೆಯೆತ್ತಿಕೊಂಡು ಮನೆಗೆ ಹೋಗಬಹುದು ಎಂಬುದೊಂದೇ ಅವಳ ಆಸೆ.

ಗಂಡ ಮನೆಯ ಮುಂದಿನ ಕೋಣೆಯಲ್ಲಿ ಕೈಗಡಿಯಾರ ರಿಪೇರಿ ಮಾಡುವವನು. ಮದುವೆಯಾದಾಗಿನಿಂದ ಮನೆಯಲ್ಲಿ ಒಂದು ಹುಲ್ಲುಕಡ್ಡಿ ಎತ್ತಿಟ್ಟವನಲ್ಲ. ಅಂಥವನಿಗೆ ಸಾಯುತ್ತಿರುವ ಗಿಡಗಳನ್ನು ಕಂಡು ಕನಿಕರ ಹುಟ್ಟಿತು. ಪಾಪ, ನಿವೃತ್ತಿಯ ಚಿಂತೆಯಲ್ಲಿ ಮರೆತಿದ್ದಾಳೆ ಎಂದುಕೊಂಡು, ಹೆಂಡತಿ ಕೆಲಸಕ್ಕೆ ಹೋದಾಗ ಎಲ್ಲಕ್ಕೂ ಕಂಠಮಟ್ಟ ನೀರು ಕುಡಿಸಿದ. ಹೂವು ಭಾನುವಾರವೇ ಬಂತು. ಪರೀಕ್ಷೆ ಶುಕ್ರವಾರ.

ಗೆಡ್ಡೆಯಮ್ಮ ಬೈಯಲಿಲ್ಲ. ಮತ್ತೆ ನೀರು ಸುರಿದು ನೋಡಿದಳು. ಗಿಡ ಜಪ್ಪಯ್ಯ ಎನ್ನಲಿಲ್ಲ.

ಶುಕ್ರವಾರ ತಟ್ಟೆಗಳಲ್ಲಿ ಗೆಡ್ಡೆ, ಎಲೆ, ಬಾಡಿದ ದಂಟು ಇಟ್ಟು, ಗೋಡೆಗೆ ಒರಗಿ ನಿಂತು ಬೈಗುಳಕ್ಕೆ ಕಾದಳು. ತಟ್ಟೆಯಲ್ಲಿರುವುದನ್ನು ನೋಡಿ ವರ್ಣಿಸಬೇಕಿದ್ದ ಮೂವತ್ತೆರಡು ವಿದ್ಯಾರ್ಥಿಗಳು ತಲೆ ಬಗ್ಗಿಸಿ ಬರೆದರು. ಮೂವತ್ತೊಂದು ಮಂದಿ ಗುಲಾಬಿ ಬಣ್ಣದ ಆರು ಎಸಳು, ಆರು ಕೇಸರ, ಮೂರು ಕೋಣೆಯ ಅಂಡಾಶಯ ಎಂದು ಗಿಣಿಪಾಠ ಒಪ್ಪಿಸಿ, ಚಿತ್ರವನ್ನೂ ಬಿಡಿಸಿದ್ದರು. ಒಬ್ಬಳು ಮಾತ್ರ ಹೂವಿಲ್ಲ ಎಂದು ಬರೆದಿದ್ದಳು. ಹೊರಗಿನಿಂದ ಬಂದ ಪರೀಕ್ಷಕರು ಮೂವತ್ತೊಂದು ಮಂದಿಗೆ ಪೂರ್ತಿ ಅಂಕ, ಅವಳಿಗೆ ಸೊನ್ನೆ ಕೊಟ್ಟರು. ಹೂವಿರಲಿಲ್ಲ ಸಾರ್ ಎಂದು ಗೆಡ್ಡೆಯಮ್ಮ ಹೇಳಿದ್ದಕ್ಕೆ, ಪ್ರತಿ ವರ್ಷ ಇರುತ್ತದಲ್ಲ ಎಂದು ಕಾಫಿಗೆ ಎದ್ದರು. ಸಂಜೆ ಬೀಳ್ಕೊಡುಗೆಯಲ್ಲಿ ಮುಖ್ಯಸ್ಥರು, ಈ ವರ್ಷವೂ ನಮ್ಮ ಗೆಡ್ಡೆಯಮ್ಮನ ಹೂವು ತಪ್ಪಲಿಲ್ಲ ಎಂದು ಶಾಲು ಹೊದಿಸಿದರು.

ಶಾಲು ಹೊದ್ದೇ ಮನೆಗೆ ಬಂದಳು. ಇಷ್ಟು ವರ್ಷ ಯಾರಿಗಾಗಿ ಅರಳಿಸಿದೆ ಎಂದು ದಾರಿಯುದ್ದಕ್ಕೂ ತನ್ನನ್ನೇ ಕೇಳಿಕೊಂಡಳು.

"ಹೂವಿಲ್ಲ ಅಂತ ಯಾರಿಗೂ ಗೊತ್ತೇ ಆಗ್ಲಿಲ್ಲ ರೀ," ಎಂದಳು.

ಗಂಡ ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆದ. ತಪ್ಪು ಮಾಡಿದವನು, ಹಾಗಾಗಿ ಮೆಲ್ಲಗೆ ಮಾತಾಡಿದ.

"ಭಾನುವಾರ ಇದನ್ನ ಹಾಕ್ಕೊಂಡು ನೋಡಿದ್ದೆ ಕಣೇ. ಆರು ಎಸಳಲ್ಲಿ ಮೂರು ಹೊರಗೆ, ಮೂರು ಒಳಗೆ. ನಡುವೆ ಒಂದು ಬಿಳಿ ಕಡ್ಡಿ, ಅದರ ತುದಿ ಮೂರು ಸೀಳು. ಅದ್ಯಾಕೆ ಹಾಗಿರತ್ತೆ?"

ಇಪ್ಪತ್ತೇಳು ವರ್ಷದಲ್ಲಿ ಅವಳನ್ನು ಯಾರೂ ಇದನ್ನು ಕೇಳಿರಲಿಲ್ಲ. ಗೆಡ್ಡೆಯಮ್ಮನಿಗೆ ಅಳು ಬಂತು. ಶಾಲಿನ ತುದಿಯಲ್ಲಿ ಮೂಗು ಒರೆಸಿಕೊಂಡು, ಸ್ಟೂಲು ಎಳೆದು ಕೂತು, ಹೇಳತೊಡಗಿದಳು.