ಕೃತಜ್ಞತೆಯ ಚೌಕದಲ್ಲಿ ಒಂದು ಗುರುತು

ಕುವೈತಿನಲ್ಲಿ ಏನು ಕೆಲಸ ಎಂದು ಊರಿನಲ್ಲಿ ಯಾರಾದರೂ ಕೇಳಿದರೆ ‘ಸರ್ಕಾರಿ ಆಸ್ಪತ್ರೆ, ಡೈರೆಕ್ಟರ ಆಫೀಸು’ ಎನ್ನುತ್ತಿದ್ದೆ. ಹೆಂಡತಿಗೂ ಅಷ್ಟೇ ಹೇಳಿದ್ದೆ. ಸುಳ್ಳೇನಲ್ಲ. ಆದರೆ ಬಿಡಿಸಿ ಹೇಳಬೇಕೆಂದರೆ, ನನ್ನ ಕೆಲಸ ಒಂದು ಪೆಟ್ಟಿಗೆಯ ಬೀಗ ತೆಗೆಯುವುದು. ಹೊರರೋಗಿಗಳ ವಿಭಾಗದ ಬಾಗಿಲ ಪಕ್ಕ ಗೋಡೆಗೆ ತಗುಲಿಸಿದ್ದ ಪೆಟ್ಟಿಗೆ ಅದು. ಪಕ್ಕದಲ್ಲಿ ಒಂದು ಕಟ್ಟು ಫಾರಮ್ಮು, ದಾರಕ್ಕೆ ಕಟ್ಟಿದ ಪೆನ್ನು. ಫಾರಮ್ಮಿನ ತಲೆಯಲ್ಲಿ ಮೂರು ಚೌಕಗಳು: ದೂರು, ಸಲಹೆ, ಕೃತಜ್ಞತೆ. ಯಾವುದಾದರೂ ಒಂದಕ್ಕೆ ಗುರುತು ಹಾಕಿ, ಕೆಳಗೆ ಬರೆದು, ಪೆಟ್ಟಿಗೆಗೆ ಹಾಕಬೇಕು.

ಪ್ರತಿ ಬುಧವಾರ ಬೆಳಿಗ್ಗೆ ನಾನು ಬೀಗ ತೆಗೆದು ಚೀಟಿಗಳನ್ನು ಮೂರು ರಾಶಿ ಮಾಡುತ್ತಿದ್ದೆ. ದೂರಿನ ರಾಶಿಗೆ ನಂಬರು, ಸೀಲು. ಅದು ಡೈರೆಕ್ಟರ ಕೋಣೆಗೆ ಹೋಗಿ, ಅಲ್ಲಿಂದ ಯಾವ ವಿಭಾಗದ ಮೇಲೆ ದೂರು ಬಂದಿದೆಯೋ ಅದೇ ವಿಭಾಗಕ್ಕೆ ಹೋಗುತ್ತಿತ್ತು. ಅವರು ‘ನೋಡಲಾಗಿದೆ’ ಎಂದು ಬರೆದು ನನಗೇ ವಾಪಸು ಕಳಿಸುತ್ತಿದ್ದರು. ನಾನು ರಟ್ಟಿನ ಡಬ್ಬಕ್ಕೆ ಹಾಕುತ್ತಿದ್ದೆ. ಡಬ್ಬ ತುಂಬಿದರೆ ನೆಲಮಾಳಿಗೆಗೆ. ಈ ಇಡೀ ಯಾತ್ರೆಯಲ್ಲಿ ಆ ಚೀಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದ ಮನುಷ್ಯ ನಾನೊಬ್ಬನೇ, ಅದೂ ಹೊತ್ತು ಹೋಗದಿದ್ದಾಗ. ಎಲ್ಲದಕ್ಕೂ ಉತ್ತರ ಕಳಿಸಬೇಕೆಂಬ ನಿಯಮವಿತ್ತು. ಕಂಪ್ಯೂಟರಿನಲ್ಲಿ ಮೂರು ಚೌಕಕ್ಕೆ ಮೂರು ಮಾದರಿ ಪತ್ರಗಳಿದ್ದವು. ಹೆಸರು ಬದಲಿಸಿ ಅಚ್ಚು ಹಾಕುತ್ತಿದ್ದೆ. ತಿಂಗಳ ಕೊನೆಗೆ ದೂರೆಷ್ಟು, ಕೃತಜ್ಞತೆಯೆಷ್ಟು ಎಂಬ ಲೆಕ್ಕ ಮೇಲಕ್ಕೆ ಹೋಗುತ್ತಿತ್ತು. ದೂರು ಹಿಂದಿನ ತಿಂಗಳಿಗಿಂತ ಕಡಿಮೆ ಇರಬೇಕೆಂದು ಯಾರೂ ಬರೆದು ಕೊಟ್ಟಿರಲಿಲ್ಲ. ಆದರೆ ಅದು ಎಲ್ಲರಿಗೂ ಗೊತ್ತಿತ್ತು.

ನಾನಿದ್ದ ಹನ್ನೊಂದು ವರ್ಷದಲ್ಲಿ ಆರು ಜನ ಡೈರೆಕ್ಟರುಗಳು ಬಂದರು. ಒಬ್ಬರು ಹೇಗೆ ಬಂದರು, ಇನ್ನೊಬ್ಬರು ಯಾಕೆ ಹೋದರು ಎಂಬುದು ನಮ್ಮಂಥ ಗುತ್ತಿಗೆ ನೌಕರರ ತಲೆಗೆ ನಿಲುಕುವ ವಿಷಯವಲ್ಲ. ಹೊಸಬರು ಬಂದ ದಿನ ಹೂಗುಚ್ಛಗಳು, ಚಾಕಲೇಟು ತಟ್ಟೆಗಳು. ಕಾರಿಡಾರಿನಲ್ಲಿ ನಡೆಯಲು ಜಾಗವಿರುತ್ತಿರಲಿಲ್ಲ. ಅವರ ಜೊತೆ ನಮ್ಮ ವಿಭಾಗದ ಮುಖ್ಯಸ್ಥರೂ ಬದಲಾಗುತ್ತಿದ್ದರು. ಬಂದವರೆಲ್ಲ ಮೊದಲು ಮಾಡುತ್ತಿದ್ದ ಸುಧಾರಣೆ ನನ್ನ ಪೆಟ್ಟಿಗೆಯದ್ದು. ಒಬ್ಬರು ಹಸಿರು ಬಣ್ಣ ಹೊಡೆಸಿದರು, ಇನ್ನೊಬ್ಬರು ಬಿಳಿ. ಒಬ್ಬ ಮಹಾಶಯರು ಒಳಗಿನದು ಕಾಣಲಿ ಎಂದು ಗಾಜಿನದೇ ಮಾಡಿಸಿದರು.

ಇಷ್ಟು ಗೊತ್ತಿದ್ದೂ ಮನೆಯಲ್ಲಿ ನಾನು ಕೊಚ್ಚಿಕೊಳ್ಳುತ್ತಿದ್ದದ್ದು ಬೇರೆ. ಇಲ್ಲಿ ಒಂದು ಚೀಟಿ ಬರೆದು ಹಾಕಿದರೆ ಎರಡು ವಾರದಲ್ಲಿ ಮನೆಗೆ ಉತ್ತರ ಬರುತ್ತದೆ, ನಮ್ಮ ತಾಲೂಕು ಆಫೀಸಿನಲ್ಲಿ ಬರುತ್ತದೆಯೇ ಎಂದು ಹೆಂಡತಿಗೆ ಹೇಳುತ್ತಿದ್ದೆ. ಅವಳು ನಂಬಿದ್ದಳು. ನನ್ನ ಮಾತನ್ನು ಅವಳು ನಂಬದೇ ಇದ್ದದ್ದು ಕಡಿಮೆ.

ನಮಗೆ ಮಕ್ಕಳಿರಲಿಲ್ಲ. ಡ್ಯೂಟಿಗೆ ಹೋಗುವ ನರ್ಸುಗಳ ಮೂರು ಮಕ್ಕಳನ್ನು ಅವಳು ಹಗಲು ನೋಡಿಕೊಳ್ಳುತ್ತಿದ್ದಳು. ಒಂದು ವರ್ಷ, ಮಗುವನ್ನು ಎತ್ತಿದರೆ ಅವಳಿಗೆ ಏದುಸಿರು ಬರತೊಡಗಿತು. ಜಾಬ್ರಿಯಾದ ಖಾಸಗಿ ಕ್ಲಿನಿಕ್ಕಿನ ಡಾಕ್ಟರು ಎದೆಗೆ ಕೊಳವೆಯಿಟ್ಟು ಕೇಳಿ, ಹೃದಯದ ಕವಾಟದಲ್ಲಿ ತೊಂದರೆ ಇದೆ, ಸರ್ಕಾರಿ ಆಸ್ಪತ್ರೆಯ ಹೃದಯ ವಿಭಾಗದಲ್ಲೇ ಪರೀಕ್ಷೆಯಾಗಬೇಕು, ತಡ ಮಾಡಬೇಡಿ ಎಂದರು. ನಮ್ಮ ಬಡಾವಣೆಯ ಸರ್ಕಾರಿ ಕ್ಲಿನಿಕ್ಕಿನಿಂದ ಚೀಟಿ ತಂದು ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲೇ ಹೆಸರು ಬರೆಸಿದೆವು. ಐದು ತಿಂಗಳ ಆಚೆಗೆ ಒಂದು ದಿನ ಕೊಟ್ಟರು. ಅವಳು ಆ ಸ್ಲಿಪ್ಪನ್ನು ದೇವರ ಪಟದ ಹಿಂದೆ ಸಿಕ್ಕಿಸಿಟ್ಟಳು.

ಮೂರನೇ ತಿಂಗಳಲ್ಲಿ ನಮ್ಮ ಕಟ್ಟಡದ ಗೋಡೆಗೆ ನೋಟೀಸು ಅಂಟಿಸಿದರು. ಇಡೀ ಸಾಲನ್ನೇ ಕೆಡವಿ ಹೊಸದಾಗಿ ಕಟ್ಟುತ್ತಾರಂತೆ. ರಸ್ತೆಯ ತಿರುವಿನಲ್ಲಿ ದೊಡ್ಡ ಬೋರ್ಡು ನಿಲ್ಲಿಸಿ, ಅದರಲ್ಲಿ ಗಾಜಿನ ಕಟ್ಟಡಗಳು, ಖರ್ಜೂರದ ಮರಗಳು, ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡು ಹೋಗುವ ಹೆಂಗಸು, ಎಲ್ಲವನ್ನೂ ಚಿತ್ರಿಸಿದ್ದರು. ನಾನು ಆ ದೇಶ ಬಿಡುವವರೆಗೂ ಆ ಜಾಗದಲ್ಲಿದ್ದದ್ದು ಮರಳು, ಅದರ ಮೇಲೆ ಅಡ್ಡಾದಿಡ್ಡಿ ನಿಲ್ಲಿಸಿದ ಕಾರುಗಳು. ಬೋರ್ಡು ಮಾತ್ರ ಬಿಸಿಲಿಗೆ ಬೆಳ್ಳಗಾಗಿ ನಿಂತೇ ಇತ್ತು.

ನಾವು ದೂರದ ಮಹಬೂಲಾ ಬಡಾವಣೆಗೆ ಹೋದೆವು. ಆರನೇ ಮಹಡಿ. ಲಿಫ್ಟು ವಾರಕ್ಕೆ ಎರಡು ದಿನ ನಡೆದರೆ ಪುಣ್ಯ. ಮನೆ ಬದಲಾದರೆ ಸಿವಿಲ್ ಐಡಿಯಲ್ಲಿ ವಿಳಾಸವನ್ನೂ ಬದಲಿಸಬೇಕು ಎಂಬುದು ಅಲ್ಲಿನ ಕಾನೂನು. ನಮ್ಮ ಸಾಲಿನಿಂದ ಎದ್ದ ಊರಿನವರೆಲ್ಲ ಯಾರಾದರೊಬ್ಬ ಪರಿಚಯದ ಕಾವಲುಗಾರನನ್ನು ಹಿಡಿದು ಅದೇ ಬಡಾವಣೆಯ ಇನ್ನೊಂದು ಕಟ್ಟಡದ ವಿಳಾಸ ಹಾಕಿಸಿಕೊಂಡರು. ಸರ್ಕಾರಿ ಆಸ್ಪತ್ರೆಯವನು, ನಾನೇ ಕಾನೂನು ಮುರಿದರೆ ಹೇಗೆ ಎಂದು ಭಾಷಣ ಬಿಗಿದು, ಕ್ಯೂನಲ್ಲಿ ನಿಂತು, ಇಬ್ಬರ ವಿಳಾಸವನ್ನೂ ಬದಲಿಸಿಕೊಂಡು ಬಂದವನು ನಾನು. ಆ ದಿನವನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಪರೀಕ್ಷೆಯ ದಿನ ಅವಳು ಒಳ್ಳೆಯ ಸೀರೆಯುಟ್ಟು ಬಂದಿದ್ದಳು. ಕೌಂಟರಿನವನು ಸ್ಲಿಪ್ಪು ನೋಡಿದ, ಐಡಿ ನೋಡಿದ. ಮಹಬೂಲಾದವರಿಗೆ ಬೇರೆ ಆಸ್ಪತ್ರೆ, ಅಲ್ಲಿನ ಕ್ಲಿನಿಕ್ಕಿನಿಂದ ಹೊಸ ಚೀಟಿ ತರಬೇಕು, ಇಲ್ಲಿಯದು ಖಲಾಸ್ ಎಂದ. ಹೊಸ ಆಸ್ಪತ್ರೆಗೆ ಫೋನು ಮಾಡಿ ಕೇಳಿದೆ. ಈಗ ಹೆಸರು ಬರೆಸಿದರೆ ಎಂಟು ತಿಂಗಳಂತೆ. ಅವಳನ್ನು ಕಾರಿಡಾರಿನ ಬೆಂಚಿನಲ್ಲಿ ಕೂರಿಸಿ ನಮ್ಮ ಮುಖ್ಯಸ್ಥರ ಬಳಿಗೆ ಹೋದೆ. ಅವರು ಕೂರಿಸಿ ಚಹಾ ಕೊಟ್ಟರು, ಅಲ್ಲಾಹನು ಅವಳಿಗೆ ಆರೋಗ್ಯ ಕೊಡಲಿ ಎಂದು ಮನಸಾರೆ ಹರಸಿದರು, ವಿಳಾಸದ ವಿಷಯ ತಮ್ಮ ಕೈಯಲ್ಲಿಲ್ಲ ಎಂದರು. ಯಾರ ಕೈಯಲ್ಲಿದೆ ಎಂದು ಕೇಳಿದರೆ ಮೇಲೆ ನೋಡಿದರು. ದೇವರನ್ನೋ ಮಂತ್ರಾಲಯವನ್ನೋ ತಿಳಿಯಲಿಲ್ಲ. ನಾನು ಹೊರಗೆ ಬಂದಾಗ ಅವಳು ಪೆಟ್ಟಿಗೆಯ ಹತ್ತಿರ ನಿಂತಿದ್ದಳು. ಹೋಗುವ ಎಂದಳು, ಅಷ್ಟೇ.

ಬುಧವಾರ ಬೀಗ ತೆಗೆದೆ. ಮೇಲಿನಿಂದ ನಾಲ್ಕನೆಯದು ಅವಳ ಅಕ್ಷರ.

ಇಲ್ಲಿ ನಮ್ಮವರ ಒಂದು ಅಭ್ಯಾಸ ಹೇಳಬೇಕು. ಮಂಗಳೂರು, ಉಡುಪಿ ಕಡೆಯವರು ಯಾರೂ ಮೊದಲ ಚೌಕಕ್ಕೆ ಗುರುತು ಹಾಕಿದ್ದನ್ನು ನಾನು ಕಂಡಿಲ್ಲ. ದೂರು ಎಂದರೆ ಇಕಾಮಾ, ಅಂದರೆ ಅಲ್ಲಿರುವ ಪರವಾನಗಿ, ರದ್ದಾಗಿ ವಿಮಾನ ಹತ್ತಿಸುತ್ತಾರೇನೋ ಎಂಬ ಭಯ ಒಂದು ಕಡೆ. ಇನ್ನೊಂದು ಕಡೆ ಶಾಲೆಯಲ್ಲಿ ಕಲಿತ ಅರ್ಜಿ: ಮೊದಲು ಹೊಗಳಬೇಕು, ಆಮೇಲೆ ಕೇಳಬೇಕು. ಅವಳೂ ಹಾಗೇ ಬರೆದಿದ್ದಳು, ಗುಂಡಗಿನ ಕಾನ್ವೆಂಟ್ ಇಂಗ್ಲಿಷಿನಲ್ಲಿ. ಮಾನ್ಯರೇ, ಈ ದೇಶದ ಸರ್ಕಾರ ನಮ್ಮಂಥ ಪರದೇಶಿಗಳಿಗೆ ತೋರಿಸುವ ದಯೆಗೆ ನಾವು ಋಣಿಗಳು. ನಿಮ್ಮ ಆಸ್ಪತ್ರೆ ಬಹಳ ಶುಚಿಯಾಗಿದೆ. ನರ್ಸುಗಳು ಅಕ್ಕತಂಗಿಯರಂತೆ ನೋಡಿಕೊಳ್ಳುತ್ತಾರೆ. ಹೀಗೆ ನಾಲ್ಕೈದು ಸಾಲು. ಕೊನೆಗೆ ಎರಡೇ ಸಾಲು: ನಾವಿದ್ದ ಕಟ್ಟಡವನ್ನು ಕೆಡವಿದ್ದರಿಂದ ನನ್ನ ಸರದಿ ಹೋಯಿತು, ಅದನ್ನು ದಯವಿಟ್ಟು ವಾಪಸು ಕೊಡಿಸಿ, ನನಗೆ ಮೆಟ್ಟಿಲು ಹತ್ತಲು ಆಗುತ್ತಿಲ್ಲ. ಗುರುತು ಮೂರನೇ ಚೌಕದಲ್ಲಿತ್ತು.

ಪೆನ್ನು ನನ್ನ ಕೈಯಲ್ಲಿತ್ತು. ಮೂರನೆಯದನ್ನು ಹೊಡೆದುಹಾಕಿ ಮೊದಲನೆಯದಕ್ಕೆ ಗುರುತು ಹಾಕಲು ಎಷ್ಟು ಹೊತ್ತು? ನಾನು ಹಾಕಲಿಲ್ಲ. ಆ ತಿಂಗಳು ದೂರು ಆಗಲೇ ಜಾಸ್ತಿಯಾಗಿತ್ತು, ನನ್ನ ಗುತ್ತಿಗೆ ನವೀಕರಣ ಹತ್ತಿರದಲ್ಲಿತ್ತು. ದೂರಾದರೆ ನೆಲಮಾಳಿಗೆಗೆ ತಾನೇ ಹೋಗುವುದು, ಅದರಿಂದ ಏನಾಗಲಿಕ್ಕಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಲೆಕ್ಕಾಚಾರ ಸರಿಯೇ ಇತ್ತು. ಹೇಡಿಗಳ ಲೆಕ್ಕಾಚಾರ ಸಾಮಾನ್ಯವಾಗಿ ಸರಿಯೇ ಇರುತ್ತದೆ.

ಪಾಸ್‌ಪೋರ್ಟಿನಲ್ಲಿ ಅವಳ ಹೆಸರಿನ ಮುಂದೆ ಇದ್ದದ್ದು ತವರಿನ ಹೆಸರು, ಫಾರಮ್ಮಿನಲ್ಲೂ ಅದನ್ನೇ ಬರೆದಿದ್ದಳು. ಹಾಗಾಗಿ ಅವಳು ನನ್ನ ಹೆಂಡತಿಯೆಂದು ಮುಖ್ಯಸ್ಥರಿಗೆ ಗೊತ್ತಾಗಲಿಲ್ಲ, ನಾನು ಹೇಳಲೂ ಇಲ್ಲ. ಅವರು ಮೊದಲ ಮೂರು ಸಾಲು ಓದಿ ಖುಷಿಯಾದರು. ದೊಡ್ಡದಾಗಿ ಝೆರಾಕ್ಸ್ ಮಾಡಿ ಮುಂಬಾಗಿಲ ಗಾಜಿನ ಫಲಕದಲ್ಲಿ ಹಾಕು ಎಂದರು. ದೊಡ್ಡದು ಮಾಡಿದಾಗ ಕೆಳಗಿನ ಎರಡು ಸಾಲು ಚೌಕಟ್ಟಿಗೆ ಹಿಡಿಸಲಿಲ್ಲ. ಹಿಂದಕ್ಕೆ ಮಡಚಿ ನಾನೇ ಪಿನ್ನು ಚುಚ್ಚಿದೆ.

ಉತ್ತರವನ್ನೂ ನಾನೇ ಅಚ್ಚು ಹಾಕಿದೆ, ಮೂರನೇ ಮಾದರಿ. ಅಂಚೆಗೆ ಹಾಕದೇ ಇರಬಹುದಿತ್ತು. ಹಾಕಿದೆ.

ನಮ್ಮ ಕಾಗದಗಳೆಲ್ಲ ಕೆಳಗಿನ ಬಕಾಲಾ, ಅಂದರೆ ದಿನಸಿ ಅಂಗಡಿಯ ವಿಳಾಸಕ್ಕೆ ಬರುತ್ತಿದ್ದವು. ಒಂದು ಸಂಜೆ ನಾನು ಮನೆಗೆ ಬಂದಾಗ ಅವಳು ಲಕೋಟೆ ಹಿಡಿದುಕೊಂಡು ಬಾಗಿಲಲ್ಲೇ ಕಾಯುತ್ತಿದ್ದಳು. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ಗೆಲುವಿತ್ತು.

“ನಿಮಗೆ ಹೇಳದೆ ಒಂದು ಕೆಲಸ ಮಾಡಿದ್ದೆ, ಬೈಬಾರ್ದು ಆಯ್ತಾ. ಆ ಪೆಟ್ಟಿಗೆಗೆ ಬರೆದು ಹಾಕಿದ್ದೆ. ನೋಡಿ, ಡೈರೆಕ್ಟರೇ ಸೈನ್ ಮಾಡಿದ್ದಾರೆ. ನಿಮ್ಮ ಮಾತು ನಮಗೆ ಮುಟ್ಟಿದೆ, ಮತ್ತೆ ನಿಮ್ಮನ್ನು ಕಾಣುವ ಸಂತೋಷ ನಮ್ಮದಾಗಲಿ ಅಂತ ಉಂಟು. ಅಂದ್ರೆ ಕರೀತಾರೆ ಅಂತಲೇ ಅಲ್ವಾ?”

ಸೈನು ರಬ್ಬರಿನದು. ಆ ರಬ್ಬರು ನನ್ನ ಮೇಜಿನ ಎಡಗಡೆಯ ಡ್ರಾಯರಿನಲ್ಲಿತ್ತು.

“ಕರೀಬಹುದು” ಎಂದೆ.

ಆ ಒಂದು ಮಾತಿಗೆ ನಾನು ಈಗಲೂ ಉತ್ತರ ಕೊಡುತ್ತಿದ್ದೇನೆ. ಮಂಗಳೂರಿನಿಂದ ಅವಳ ಅಣ್ಣ ವಾರ ವಾರ ಫೋನು ಮಾಡಿ ಹೊರಟು ಬಾ, ಇಲ್ಲೇ ತೋರಿಸುವ ಎನ್ನುತ್ತಿದ್ದರು. ಅವಳು ಒಪ್ಪುತ್ತಿರಲಿಲ್ಲ. ತಾನು ಊರಿಗೆ ಹೋದಾಗಲೇ ಆಸ್ಪತ್ರೆಯವರು ಕರೆದರೆ ಏನು ಮಾಡುವುದು ಎಂದು ಅವಳ ವಾದ. ಹೊಸ ಆಸ್ಪತ್ರೆಯಲ್ಲಿ ಹೆಸರು ಬರೆಸಲೂ ಬೇಡ ಎಂದಳು. ಎರಡು ಕಡೆ ಹೆಸರಿದ್ದರೆ ಇವರಿಗೆ ಬೇಸರವಾದೀತಂತೆ. ನಾನು ಒಂದು ಸಾಲು ಹೇಳಿದ್ದರೆ ಸಾಕಿತ್ತು. ಆ ಪತ್ರ ನಾನೇ ಬರೆದದ್ದು, ಅದರಲ್ಲಿ ಏನೂ ಇಲ್ಲ, ಊರಿಗೆ ಹೋಗು. ದಿನಾ ಚಹಾ ಕುಡಿಯುವಾಗ ಮಾತು ಬಾಯಿಗೆ ಬರುತ್ತಿತ್ತು. ಹೇಳಿದರೆ ನಾನು ಇಷ್ಟು ವರ್ಷ ಏನು ಕೆಲಸ ಮಾಡಿದೆ ಎಂಬುದೂ ಹೊರಗೆ ಬೀಳುತ್ತಿತ್ತು. ನಾಳೆ ಹೇಳುವ ಎಂದು ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಹೀಗೆ ನಾಲ್ಕು ತಿಂಗಳು ಕಳೆದವು.

ಲಿಫ್ಟು ಕೆಟ್ಟಿದ್ದ ಒಂದು ಮಧ್ಯಾಹ್ನ ಅವಳು ಬಕಾಲಾದಿಂದ ಸೊಪ್ಪು ತರುವಾಗ ನಾಲ್ಕನೇ ಮಹಡಿಯ ಮೆಟ್ಟಿಲ ಮೇಲೆ ಕುಳಿತವಳು ಮತ್ತೆ ಏಳಲಿಲ್ಲ. ಆ ಮಹಡಿಯ ನರ್ಸಮ್ಮ ಎದೆ ಒತ್ತಿ ನೋಡಿದರಂತೆ. ಆಂಬುಲೆನ್ಸಿನವರು ನಮ್ಮ ಏರಿಯಾದ ಆಸ್ಪತ್ರೆಗೇ, ಅಂದರೆ ಕಾನೂನಿನ ಪ್ರಕಾರ ಸರಿಯಾದ ಆಸ್ಪತ್ರೆಗೇ ಒಯ್ದರು. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಪೆಟ್ಟಿಗೆಯಲ್ಲಿಟ್ಟು ಊರಿಗೆ ಕರೆದುಕೊಂಡು ಹೋದೆ. ಅವಳ ಬಟ್ಟೆ ಮಡಚುವಾಗ ಆ ಲಕೋಟೆ ಸಿಕ್ಕಿತು, ದೇವರ ಪಟದ ಹಿಂದೆ, ಹಳೆಯ ಸ್ಲಿಪ್ಪಿನ ಜೊತೆ.

ಅವಳ ಉತ್ತರಕ್ರಿಯೆ, ಬೊಜ್ಜ ಮುಗಿಸಿ ವಾಪಸು ಬಂದಾಗ ಆಸ್ಪತ್ರೆಯಲ್ಲಿ ಮತ್ತೆ ಹೂಗುಚ್ಛಗಳಿದ್ದವು. ಹೊಸ ಡೈರೆಕ್ಟರು, ಹೊಸ ಮುಖ್ಯಸ್ಥರು. ನಾನು ರಜೆಯಿಂದ ಬಂದವನೆಂದು ಮಾತ್ರ ಅವರಿಗೆ ಗೊತ್ತಿತ್ತು, ಯಾವ ರಜೆ ಎಂದು ಕೇಳಲಿಲ್ಲ. ಮೇಲಿನವರು ಪರಿಶೀಲನೆಗೆ ಬರುವವರಿದ್ದರು. ಆಸ್ಪತ್ರೆಯನ್ನು ಮೆಚ್ಚಿಕೊಂಡ ಒಬ್ಬ ರೋಗಿಯನ್ನು ಕರೆಸಿ, ಅವರ ಮುಂದೆ ನಾಲ್ಕು ಮಾತು ಆಡಿಸಿ, ಒಂದು ಪ್ರಶಂಸಾಪತ್ರ ಕೊಡಬೇಕೆಂದು ಹೊಸ ಡೈರೆಕ್ಟರ ಆಸೆ. ಮುಖ್ಯಸ್ಥರು ನನ್ನನ್ನು ಗಾಜಿನ ಫಲಕದ ಮುಂದೆ ಕರೆದುಕೊಂಡು ಹೋಗಿ ಬೆರಳು ತೋರಿಸಿದರು. ಈ ಹೆಂಗಸು ಚೆನ್ನಾಗಿ ಬರೆದಿದ್ದಾಳೆ, ನಿಮ್ಮ ಕಡೆಯವಳೇ ಇರಬೇಕು, ಇವಳನ್ನು ಕರೆಸು, ಯಲ್ಲಾ, ಬೇಗ ಎಂದರು.

ನಾನು ಕೃತಜ್ಞತೆಯ ಚೀಟಿಗಳ ಡಬ್ಬದಿಂದ ಅಸಲು ಫಾರಮ್ಮು ತೆಗೆದೆ. ಕೆಳಗೆ ಫೋನ್ ನಂಬರಿತ್ತು. ಮುಖ್ಯಸ್ಥರು ಮೇಜಿನ ಪಕ್ಕದಲ್ಲೇ ನಿಂತಿದ್ದರು. ಅವರೆದುರು ಒಂದೊಂದೇ ಅಂಕಿ ನೋಡಿಕೊಂಡು ನನ್ನ ಮನೆಯ ನಂಬರನ್ನು ಒತ್ತಿದೆ. ಮಹಬೂಲಾದ ಆರನೇ ಮಹಡಿಯಲ್ಲಿ ಅದು ರಿಂಗಾಗುವುದು ಕೇಳಿಸುತ್ತಿತ್ತು. ನಿಲ್ಲುವವರೆಗೂ ಹಿಡಿದುಕೊಂಡಿದ್ದೆ.

“ಯಾರೂ ಎತ್ತುತ್ತಿಲ್ಲ” ಎಂದೆ.

ನಾಳೆ ಮತ್ತೆ ಮಾಡು ಎಂದು ಹೇಳಿ ಅವರು ಹೋದರು. ಮರುದಿನ ಬೆಳಿಗ್ಗೆ ಕುರ್ಚಿಯಲ್ಲಿ ಕುಳಿತು ನಾನು ಮತ್ತೆ ಮಾಡಿದೆ.